ಎಲ್ಲರಿಗೂ ಗ್ರೇಡ್ 1

ನಗರ ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಫ್ಲೈಓವರ್ ನೋಡಬೇಕಿಲ್ಲ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸೆಂಟರಿನ ಬೋರ್ಡು ಎಣಿಸಿದರೆ ಸಾಕು. ಮೊದಲೆಲ್ಲ ರೋಗ ಬಂದ ಮೇಲೆ ಸ್ಕ್ಯಾನಿಂಗಿಗೆ ಹೋಗುತ್ತಿದ್ದರು. ಈಗ ಅಷ್ಟು ಕಾಯಬೇಕಿಲ್ಲ, ಅಲ್ಲೇ ಬಿಸಿಬಿಸಿಯಾಗಿ ಮಾಡಿಕೊಡುತ್ತಾರೆ.

ಆರು ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ಸಹಜ ಪಿತ್ತಕೋಶ ಉಬ್ಬಿರುತ್ತದೆ, ಗೋಡೆ 3 ಮಿ.ಮೀ. ಮೀರುವುದಿಲ್ಲ. ಇದನ್ನು ಹಿಂದಿನ ದಿನವೇ ಫೋನಿನಲ್ಲಿ ಹೇಳುವವರು ಯಾರು? ಹೊಟ್ಟೆ ತುಂಬಿಸಿಕೊಂಡು ಬಂದವರ ಪಿತ್ತಕೋಶ ಹಿಂಡಿದ ಬಟ್ಟೆಯಂತೆ ಮುದುಡಿ, ಗೋಡೆ ದಪ್ಪ ಕಾಣುತ್ತದೆ. ತಿಂದದ್ದು ತಿಂಡಿ, ಸಿಕ್ಕಿದ್ದು ಉರಿಯೂತ.

ನೀರಿನ ವಿಷಯದಲ್ಲಿ ಮಾತ್ರ ಭಾರಿ ಶಿಸ್ತು. ತುಂಬಿದ ಮೂತ್ರಕೋಶ ಕರುಳಿನ ಗಾಳಿಯನ್ನು ಅತ್ತ ಸರಿಸಿ ಶಬ್ದದ ಅಲೆಗೆ ಕಿಟಕಿಯಾಗುತ್ತದೆ, ಸರಿ. ಆದರೆ ಲೀಟರ್‌ಗಟ್ಟಲೆ ಕುಡಿಸಿ ಮೂರು ಗಂಟೆ ಕೂರಿಸಿದರೆ ಕಿಟಕಿ ಅಣೆಕಟ್ಟಾಗುತ್ತದೆ. ಒತ್ತಡ ಮೇಲಕ್ಕೇರಿ ಕಿಡ್ನಿಯೊಳಗಿನ ನಾಳಗಳೂ ಹಿಗ್ಗುತ್ತವೆ: ‘ಎರಡೂ ಕಡೆ ಲಘು ಹೈಡ್ರೋನೆಫ್ರೋಸಿಸ್’. ಮೂತ್ರ ಮಾಡಿ ಬಂದ ಮೇಲೆ ಇನ್ನೊಮ್ಮೆ ಪ್ರೋಬ್ (ಹೊಟ್ಟೆಯ ಮೇಲೆ ಆಡಿಸುವ ಹಿಡಿ) ಇಟ್ಟರೆ ಎಷ್ಟೋ ಸಲ ಊತ ಇಳಿದಿರುತ್ತದೆ. ಅದಕ್ಕೆ ಎರಡು ನಿಮಿಷ ಬೇಕು. ಹೊರಗೆ ಮುಂದಿನ ಟೋಕನ್ ಕಾಲು ಹೆಣೆದುಕೊಂಡು ಒದ್ದಾಡುತ್ತಿದೆ.

ಈ ಉದ್ಯಮದ ಹೆಮ್ಮೆಯ ಉತ್ಪನ್ನವೆಂದರೆ ಗ್ರೇಡ್ 1 ಫ್ಯಾಟಿ ಲಿವರ್, ಅಂದರೆ ಕೊಬ್ಬು ಕಟ್ಟಿ ಪರದೆಯಲ್ಲಿ ತುಸು ಬೆಳ್ಳಗೆ ಕಾಣುವ ಲಿವರ್. ಲಿವರ್ ಬೆಳ್ಳಗಿದೆಯೇ ಎಂದು ಹೇಳಲು ಬಲ ಕಿಡ್ನಿಯ ಹೊರಪದರವನ್ನು ಅದೇ ಚಿತ್ರದಲ್ಲಿ, ಅದೇ ಆಳದಲ್ಲಿ ಇಟ್ಟು ಹೋಲಿಸಬೇಕು. ಯಂತ್ರದಲ್ಲಿ ಸಾಲಾಗಿ ಟಿಜಿಸಿ ಎಂಬ ಜಾರುಗುಂಡಿಗಳಿವೆ. ಒಂದೊಂದೂ ಒಂದೊಂದು ಆಳದ ಪ್ರಕಾಶ. ಮೇಲಿನವನ್ನು ಬಲಕ್ಕೆ ತಳ್ಳಿದರೆ ಮೇಲಿರುವ ಲಿವರ್ ಹೊಳೆಯುತ್ತದೆ, ಆಳದ ಕಿಡ್ನಿ ಕಪ್ಪಗೇ ಉಳಿಯುತ್ತದೆ. ಬೆರಳಿನ ಒಂದೇ ತಳ್ಳಿಗೆ ಉಪವಾಸ ಮಾಡುವವನಿಗೂ ಕೊಬ್ಬು! ಯಂತ್ರ ಬಂದ ದಿನ ಇಟ್ಟ ಗುಂಡಿ ಹಾಗೇ ಇದೆ, ಊರಿನ ಲಿವರ್‌ಗಳೆಲ್ಲ ಒಂದೇ ಬಣ್ಣ.

ಇನ್ನು ಪ್ರೋಬ್. ರಬ್ಬರ್ ಮುಖಕ್ಕೆ ಸ್ಪಿರಿಟ್ ಬೇಡವೆಂದು ಎಷ್ಟೋ ಕೈಪಿಡಿಗಳು ಹೇಳುತ್ತವೆ, ಒರೆಸುವುದು ಸ್ಪಿರಿಟ್ಟಿನಲ್ಲೇ. ಒಳಗೆ ಶಬ್ದದ ಅಲೆ ಹೊಮ್ಮಿಸುವ ಹರಳು ಸತ್ತರೆ ಚರ್ಮದ ಗೆರೆಯಿಂದಲೇ ಕಪ್ಪು ಪಟ್ಟಿ ಇಳಿಯುತ್ತದೆ. ಪರೀಕ್ಷೆ ಸುಲಭ: ಜೆಲ್ ಇಲ್ಲದ ಪ್ರೋಬಿನ ಮುಖದ ಮೇಲೆ ಪೇಪರ್‌ಕ್ಲಿಪ್ಪಿನ ಅಂಚು ಎಳೆಯಿರಿ, ಪರದೆಯ ಮೇಲೆ ಅದರ ಗುರುತು ಮಸುಕಾದ ಕಡೆ ಹರಳು ಹೋಗಿದೆ. ಕ್ಲಿಪ್ಪೇನೋ ಇದೆ, ಬಿಲ್ಲಿಗೆ ಚುಚ್ಚಲು.

ರಿಪೋರ್ಟು ಮಾತ್ರ ರೋಗಿಗಿಂತ ಮೊದಲೇ ಸಿದ್ಧ. ಹೆಸರು, ವಯಸ್ಸು ಬದಲಿಸಿದರಾಯಿತು. ಹೆಂಗಸಿನ ರಿಪೋರ್ಟಿನಲ್ಲಿ ‘ಪ್ರಾಸ್ಟೇಟ್ ಸಹಜ’ ಎಂದಿದ್ದರೂ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂತೆ ಸಹಿ ಬೀಳುತ್ತದೆ. ಎಂದೋ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಪಿತ್ತಕೋಶ ಕೂಡ ಇಲ್ಲಿ ಮರಳಿ ಮೊಳೆಯುತ್ತದೆ: ಚೆನ್ನಾಗಿ ತುಂಬಿದೆ, ಕಲ್ಲಿಲ್ಲ, ಗೋಡೆ ಸಹಜ. ಇಡೀ ನಗರದಲ್ಲಿ ನೆಟ್ಟಗಿರುವ ಪಿತ್ತಕೋಶ ಅದೊಂದೇ.