ಪುಕ್ಕಟೆ ಸಾಮಾನಿನ ಖರ್ಚು

ಕಸದಿಂದ ರಸ ತೆಗೆಯಲು ದುಡ್ಡೇ ಬೇಡ ಎನ್ನುವವರನ್ನು ನಂಬಬೇಡಿ. ಕಸ ಪುಕ್ಕಟೆ ಸಿಗುತ್ತದೆ, ನಿಜ. ರಸ ತೆಗೆಯುವ ಸಲಕರಣೆ ಮಾತ್ರ ಅಂಗಡಿಯಲ್ಲೇ ಸಿಗುವುದು.

ಹಳೆ ಜೀನ್ಸಿನ ಚೀಲವನ್ನೇ ನೋಡಿ. ಕಾಲು ಕತ್ತರಿಸಿ, ತಳ ಹೊಲಿದರೆ ಚೀಲ ಆಯ್ತು. ಹೇಳೋಕೆ ಇಷ್ಟೇ. ಕಾಲಿನ ಜೋಡು ಹೊಲಿಗೆ ಇರುವ ಕಡೆ ಬಟ್ಟೆ ನಾಲ್ಕು ಪದರ, ಮಡಚಿದರೆ ಎಂಟು. ಮಾಮೂಲಿ ಸೂಜಿ ಅಲ್ಲಿಗೆ ಬಂದು ಒಂದು ಕ್ಷಣ ಯೋಚಿಸುತ್ತದೆ, ಆಮೇಲೆ ಮುರಿಯುತ್ತದೆ. 16 ನಂಬರಿನ ಜೀನ್ಸ್ ಸೂಜಿ ತಂದೆ. ಅದಕ್ಕೆ ತಕ್ಕ ದಪ್ಪ ದಾರ ತಂದೆ. ಅಷ್ಟರಲ್ಲಿ ಕತ್ತರಿ ಮೊಂಡಾಗಿತ್ತು, ಸಾಣೆ ಹಿಡಿಸಿದೆ. "ಇದರ ಬದಲು ಒಂದು ಚೀಲ ಕೊಂಡಿದ್ದರೆ..." ಎಂದು ಇವರು ಶುರು ಮಾಡಿದರು. ಕತ್ತರಿ ಕೈಯಲ್ಲೇ ಇತ್ತು, ಮಾತು ಮುಂದುವರಿಯಲಿಲ್ಲ.

ಪ್ಲಾಸ್ಟಿಕ್ ಬಾಟಲಿಯ ಪೆನ್ ಸ್ಟ್ಯಾಂಡ್ ಕಥೆ ಚಿಕ್ಕದು. ಗ್ಲೂ ಗನ್‌ನಿಂದ ಬರುವ ಅಂಟು 100 ಡಿಗ್ರಿ ದಾಟಿಯೇ ಇರುತ್ತದೆ. ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಸುಮಾರು 70 ಡಿಗ್ರಿಗೇ ಸಡಿಲವಾಗುತ್ತದೆ. ನಮ್ಮ ಪೆನ್ ಸ್ಟ್ಯಾಂಡು ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರ ಹಾಗೆ ಒಂದೇ ಕಡೆ ವಾಲಿ ನಿಂತಿದೆ.

ಟೀ ಶರ್ಟಿನ ವಿಷಯದಲ್ಲಿ ಗೆದ್ದೆ. ಅದನ್ನು ಸುರುಳಿಯಾಗಿ ಕತ್ತರಿಸಿ ಎಳೆದರೆ ಅಂಚು ತಾನೇ ಸುತ್ತಿಕೊಂಡು ಒಳ್ಳೆ ದಾರವಾಗುತ್ತದೆ. ಕಾಲೊರೆಸು ಹೆಣೆದೆ. ಎಷ್ಟು ಚೆನ್ನಾಗಿ ಬಂತೆಂದರೆ, ಅದರ ಮೇಲೆ ಕಾಲಿಡಲು ಯಾರನ್ನೂ ಬಿಡುತ್ತಿಲ್ಲ.

ನಿಜವಾದ ಲಾಭ ಇರುವುದು ಸೆಕೆಂಡ್ ಹ್ಯಾಂಡ್ ಸ್ವೆಟರಿನಲ್ಲಿ. ಬಿಚ್ಚಿದರೆ ರಾಶಿ ಉಲ್ಲನ್ ದಾರ! ಆದರೆ ಕೊಳ್ಳುವ ಮೊದಲು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡಬೇಕು. ಅಂಚಿಗೆ ದಾರ ಸುತ್ತಿ ಬಿಗಿದ ಓವರ್‌ಲಾಕ್ ಹೊಲಿಗೆ ಇದ್ದರೆ ಮುಟ್ಟಬಾರದು. ಹೆಣೆದ ಬಟ್ಟೆಯನ್ನು ಕತ್ತರಿಸಿ ಹೊಲಿದ ಸ್ವೆಟರ್ ಅದು, ಪ್ರತಿ ಸಾಲಿನ ಕೊನೆಗೂ ದಾರ ತುಂಡಾಗಿರುತ್ತದೆ. ನನಗೆ ಮೊದಲು ಸಿಕ್ಕಿದ್ದು ಅದೇ. ಬಿಚ್ಚುತ್ತಾ ಹೋದಂತೆ ಮೊಳದುದ್ದದ ತುಂಡುಗಳು ಮಡಿಲ ತುಂಬಾ ಉದುರಿದವು. "ಗಂಟು ಹಾಕಿದರಾಯ್ತು ಬಿಡೇ" ಎಂದರು ಅಮ್ಮ. ಹಾಕುತ್ತಾ ಕೂತರು ಕೂಡ. ಕೊನೆಗೆ ಸಿದ್ಧವಾದ ಉಂಡೆಯಲ್ಲಿ ದಾರಕ್ಕಿಂತ ಗಂಟೇ ಜಾಸ್ತಿ.

ಆಮೇಲಿನ ಸ್ವೆಟರನ್ನು ನೋಡಿಯೇ ತಂದೆ. ಒಂದು ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಂಡಿತು. ಇಂಥ ಸುಖ ಜೀವನದಲ್ಲಿ ಕಡಿಮೆ. ಬಿಚ್ಚಿದ ದಾರ ಗುಂಗುರು ಗುಂಗುರಾಗಿರುತ್ತದೆ ಅಲ್ವಾ, ಅದನ್ನು ಲಡಿ ಮಾಡಿ, ತೊಳೆದು, ಕೆಳಗೆ ಸ್ವಲ್ಪ ಭಾರ ಕಟ್ಟಿ ನೇತು ಹಾಕಿದರೆ ನೆಟ್ಟಗಾಗುತ್ತದೆ. ಕೈಗೆ ಸಿಕ್ಕ ಭಾರ ಕಟ್ಟಿ ನೇತು ಹಾಕಿದೆ.

ಅವತ್ತು ಸಂಜೆ ಮದುವೆಗೆ ಹೊರಟು ಎಲ್ಲರೂ ಬಾಗಿಲ ಹೊರಗೆ ನಿಂತಿದ್ದೆವು.

"ಬೀಗ ಎಲ್ಲೇ?" ಇವರು ಕೇಳಿದರು.

"ಒಣಗ್ತಾ ಇದೆ ರೀ."

ಅಮ್ಮ ಮನೆ ಕಾಯುತ್ತೇನೆಂದು ಒಳಗೆ ಹೋಗಿ ಕೂತರು. ಅವರಿಗೂ ಆ ಮದುವೆ ಬೇಕಿರಲಿಲ್ಲ ಅಂತ ನನ್ನ ಗುಮಾನಿ.

ಈಚೆಗೆ ಹಳೆ ಬಟ್ಟೆ ಅಂಗಡಿಯಲ್ಲಿ ಒಂದು ಅಂಗಿಯ ಗುಂಡಿಗಳು ಮನಸ್ಸಿಗೆ ಹಿಡಿಸಿದವು. ನಿಜವಾದ ಚಿಪ್ಪಿನ ಗುಂಡಿ ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿಗೆ ಆ ತಂಪಿಲ್ಲ. ಯಾರದೋ ಅಂಗಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿ ನಿಂತಿದ್ದ ನನ್ನನ್ನು ಅಂಗಡಿಯವನು ಅಯ್ಯೋ ಪಾಪ ಎಂಬಂತೆ ನೋಡಿದ. ಚೌಕಾಸಿಯನ್ನೇ ಮಾಡದೆ ಬೆಲೆ ಇಳಿಸಿದ. ಸುಮ್ನೆ ತಲೆ ತಗ್ಗಿಸಿ ತಂದೆ. ಗುಂಡಿಗಳನ್ನೆಲ್ಲ ಕಿತ್ತು ಫೋಟೋ ಫ್ರೇಮಿನ ಸುತ್ತ ಅಂಟಿಸಿದೆ, ಈ ಸಲ ಅಂಟು ಗಟ್ಟಿಯಾಗಿ ಹಿಡಿದಿದೆ.

ಉಳಿದ ಅಂಗಿಯನ್ನು ಒರೆಸುವ ಬಟ್ಟೆ ಮಾಡೋಣ ಎಂದುಕೊಂಡಿದ್ದೆ. ಹರಿಯುವ ಮುಂಚೆ ಇವರು ಒಮ್ಮೆ ತೊಟ್ಟು ನೋಡಿದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಆ ಅಂಗಿ ತೊಟ್ಟುಕೊಂಡೇ ಇವರೀಗ ಫ್ರೇಮಿನ ಮುಂದೆ ನಿಂತು ಗುಂಡಿ ಎಣಿಸುತ್ತಿದ್ದಾರೆ.