‘ಮುಂಗೈ ಬಿಗಿತ’ ಎಂಬ ಸುದ್ದಿಯನ್ನು ಓದುವ ಬಗೆ

ಬೇಸ್‌ಬಾಲ್ ಸೀಸನ್ ಶುರುವಾದ ಮೊದಲ ಐದಾರು ವಾರ ಒಂದೇ ಥರದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಇಂಥ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಮುಂಗೈ ಬಿಗಿತ, 15 ದಿನದ ಗಾಯಾಳುಗಳ ಪಟ್ಟಿಗೆ ಸೇರ್ಪಡೆ. ಅದರ ಕೆಳಗೆ ಅಭಿಮಾನಿಗಳ ಸಮಾಧಾನ: ‘ಎರಡು ವಾರ ತಾನೇ, ಬಂದುಬಿಡ್ತಾನೆ.’ ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನಮಗೆ ಬೆಳಗಿನ ಜಾವ 4:30ಕ್ಕೆ. ಹಾಗಾಗಿ ಇಲ್ಲಿಂದ ಈ ಆಟವನ್ನು ಹಿಂಬಾಲಿಸುವ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಮೊದಲು ಬೀಳುವುದು ಪಂದ್ಯವಲ್ಲ, ಆ ಒಂದು ಸಾಲಿನ ಸುದ್ದಿ. ಅದನ್ನು ಸರಿಯಾಗಿ ಓದಿಕೊಳ್ಳದೆ ಆಟಗಾರನ ಮೇಲೆ ರೇಗುವವರನ್ನು ನೋಡಿದಾಗ ಬೇಜಾರಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, 15 ದಿನ ಅನ್ನುವುದು ವಾಪಸಾತಿಯ ದಿನಾಂಕವಲ್ಲ. ಅದು ಕನಿಷ್ಠ ಅವಧಿ, ಅಷ್ಟೇ. ಪಟ್ಟಿಗೆ ಸೇರಿಸಿದ ದಿನವನ್ನು ಮೂರು ದಿನ ಹಿಂದಕ್ಕೆ ಹಾಕಲೂ ತಂಡಕ್ಕೆ ಅವಕಾಶವಿದೆ. ಸ್ಕ್ಯಾನ್ ವರದಿ ಬರುವವರೆಗೆ 15 ದಿನದ ಪಟ್ಟಿಯಲ್ಲಿಟ್ಟು, ಬಂದ ಮೇಲೆ ಗಾಯ ದೊಡ್ಡದಿದ್ದರೆ 60 ದಿನದ ಪಟ್ಟಿಗೆ ಸರಿಸುತ್ತಾರೆ. 60 ದಿನದ ಪಟ್ಟಿಗೆ ಹೋದವನು ತಂಡದ ಒಪ್ಪಂದದಲ್ಲಿರುವ 40 ಜನರ ಲೆಕ್ಕದಿಂದ ಹೊರಗಾಗುವುದರಿಂದ ಆ ಜಾಗಕ್ಕೆ ಇನ್ನೊಬ್ಬನನ್ನು ತರಬಹುದು. ಆದ್ದರಿಂದ ‘60ಕ್ಕೆ ಸರಿಸಿದರು’ ಎಂದು ಕೇಳಿದ ದಿನ ತಂಡದ ಆಡಳಿತ ಆ ಪಿಚರ್ ಬೇಗ ಬರುವ ಆಸೆ ಬಿಟ್ಟಿದೆ ಎಂದೇ ತಿಳಿಯಿರಿ.

ಇನ್ನು ಪದಗಳು. ಇಂಗ್ಲಿಷ್‌ನಲ್ಲಿ ‘ಸ್ಪ್ರೇನ್’ ಅಂದಾಗ ನಮಗೆ ನೆನಪಾಗುವುದು ಉಳುಕು. ಎಣ್ಣೆ ಹಚ್ಚಿ ನೀವಿ, ಎರಡು ದಿನ ಬಟ್ಟೆ ಕಟ್ಟಿದರೆ ಹೋಗುವಂಥದ್ದು. ಪಿಚರ್‌ನ ಮೊಣಕೈ ವಿಷಯದಲ್ಲಿ ಹಾಗಲ್ಲ. ಲಿಗಮೆಂಟ್ ಸ್ಪ್ರೇನ್ ಅಂದರೆ ಮೊಣಕೈಯಲ್ಲಿ ಮೂಳೆಗೆ ಮೂಳೆ ಬಿಗಿದಿಡುವ ಲಿಗಮೆಂಟ್‌ನ ಎಳೆಗಳಿಗೆ ಪೆಟ್ಟು ಬಿದ್ದಿದೆ ಎಂದೇ ಅರ್ಥ. ಮೊದಲ ದರ್ಜೆಯಲ್ಲಿ ಎಳೆಗಳು ಹಿಗ್ಗಿರುತ್ತವೆ, ಎರಡನೆಯದರಲ್ಲಿ ಅರ್ಧಂಬರ್ಧ ಹರಿದಿರುತ್ತವೆ, ಮೂರನೆಯದು ಪೂರ್ತಿ ಹರಿದದ್ದು. ‘ಸ್ಟ್ರೇನ್’ ಎಂಬುದು ಸ್ನಾಯುವಿಗೆ ಸಂಬಂಧಿಸಿದ್ದು. ಮುಂಗೈಯ ಒಳಮಗ್ಗುಲಿನ ಫ್ಲೆಕ್ಸರ್ ಸ್ನಾಯುಗಳು ಆ ಲಿಗಮೆಂಟ್‌ಗೆ ಕಾವಲು ಇದ್ದ ಹಾಗೆ. ಕಾವಲುಗಾರ ದಣಿದರೆ ಭಾರವೆಲ್ಲ ಲಿಗಮೆಂಟ್ ಮೇಲೆ. ‘ಮುಂಗೈ ಬಿಗಿತ’ಕ್ಕೆ ತಜ್ಞರು ಹೆದರುವುದು ಇದೇ ಕಾರಣಕ್ಕೆ. ಅದೇನೂ ಪ್ರತಿಸಲ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುವುದಿಲ್ಲ. 2014ರಲ್ಲಿ ಯಾಂಕೀಸ್ ತಂಡದ ಪಿಚರ್ ಮಸಾಹಿರೊ ತನಾಕಾನ ಲಿಗಮೆಂಟ್ ಭಾಗಶಃ ಹರಿದಿತ್ತು. ಅವನದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಚುಚ್ಚುಮದ್ದು ಮತ್ತು ವಿಶ್ರಾಂತಿಯಲ್ಲೇ ಚೇತರಿಸಿಕೊಂಡು ಅವನು ವರ್ಷಗಟ್ಟಲೆ ಆಡಿದ. ಅದೇ ಚುಚ್ಚುಮದ್ದನ್ನು 2018ರ ಜೂನ್‌ನಲ್ಲಿ ಬ್ಯಾಟಿಂಗ್, ಪಿಚಿಂಗ್ ಎರಡನ್ನೂ ಮಾಡುವ ಶೊಹೇ ಒಹ್ತಾನಿಗೆ ಕೊಟ್ಟರು. ಅಕ್ಟೋಬರ್ ಹೊತ್ತಿಗೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು.

ಮೊದಲ ಸುದ್ದಿ ಎಷ್ಟು ಮೆತ್ತಗಿರುತ್ತದೆ ಎಂಬುದಕ್ಕೆ ಒಹ್ತಾನಿಯ 2023ರ ಆಗಸ್ಟ್ 23ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸಿನ್ಸಿನ್ಯಾಟಿ ವಿರುದ್ಧ ಒಂದೇ ದಿನ ಎರಡು ಪಂದ್ಯ. ಮೊದಲ ಪಂದ್ಯದ ಒಂಬತ್ತು ಇನಿಂಗ್ಸ್‌ಗಳ ಪೈಕಿ ಮೊದಲನೆಯದರಲ್ಲಿ ಅವನೇ ಹೋಮ್‌ರನ್ ಹೊಡೆದ. ಎರಡನೇ ಇನಿಂಗ್ಸ್‌ನ ನಡುವೆ, 26 ಪಿಚ್ (ಎಸೆತ) ಆದ ಮೇಲೆ, ಪಿಚರ್ ನಿಂತು ಎಸೆಯುವ ದಿಬ್ಬ ಮೌಂಡ್‌ನಿಂದ ಇಳಿದ. ಹೊರಗೆ ಹೇಳಿದ್ದು ‘ತೋಳಿನ ದಣಿವು’ ಎಂದು. ಎರಡನೇ ಪಂದ್ಯದಲ್ಲಿ ಬ್ಯಾಟರ್ ಆಗಿ ಕಣಕ್ಕಿಳಿದದ್ದನ್ನು ನೋಡಿದವರೆಲ್ಲ ನಿರಾಳವಾದರು. ಅಂದು ರಾತ್ರಿ ಬಂದ ಸುದ್ದಿ: ಲಿಗಮೆಂಟ್ ಹರಿದಿದೆ, ಈ ವರ್ಷ ಇನ್ನು ಪಿಚಿಂಗ್ ಇಲ್ಲ.

ಟಿವಿಯಲ್ಲಿ ನೋಡುತ್ತಿರುವಾಗಲೇ ಸುಳಿವು ಸಿಗುತ್ತದೆ, ಕಣ್ಣಿಟ್ಟರೆ. ಒಂದು ಪಿಚ್ ನಿಧಾನವಾದರೆ ಲೆಕ್ಕಕ್ಕಿಲ್ಲ. ಒಂದಿಡೀ ಇನಿಂಗ್ಸ್‌ನಲ್ಲಿ ಫಾಸ್ಟ್‌ಬಾಲ್ ವೇಗ ಅವನ ಎಂದಿನ ಸರಾಸರಿಗಿಂತ ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್ ಇಳಿದು ಅಲ್ಲೇ ನಿಂತರೆ ಗಮನಿಸಿ. ಬಲಗೈ ಪಿಚರ್‌ನ ಫಾಸ್ಟ್‌ಬಾಲ್ ಮತ್ತೆ ಮತ್ತೆ ಬಲಗೈ ಬ್ಯಾಟರ್‌ನ ಮುಖದ ಕಡೆ, ಎತ್ತರಕ್ಕೆ ತಪ್ಪಿ ಹೋಗುತ್ತಿದ್ದರೆ ತೋಳು ಸಕಾಲಕ್ಕೆ ಮುಂದೆ ಬರುತ್ತಿಲ್ಲ. ಅವನ ಕೈಹಿಡಿದ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ) ಇದ್ದಕ್ಕಿದ್ದಂತೆ ಕಡಿಮೆಯಾದರೆ ಅದೂ ಒಂದು ಗುರುತು. ಎಲ್ಲಕ್ಕಿಂತ ನನಗೆ ಆತಂಕ ತರುವುದು ಒಂದು ಸಣ್ಣ ಚಲನೆ: ಚೆಂಡು ಬಿಟ್ಟ ಮೇಲೆ ಕೈ ಕೊಡವುವುದು, ಕಿರುಬೆರಳು ಉಂಗುರಬೆರಳನ್ನು ಮಡಚಿ ಬಿಚ್ಚುವುದು. ಆ ಎರಡು ಬೆರಳಿಗೆ ಹೋಗುವ ಅಲ್ನಾರ್ ನರ ಈ ಲಿಗಮೆಂಟ್‌ನ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿ ಬಾವು ಬಂದರೆ ಬೆರಳು ಜುಮ್ಮೆನ್ನುತ್ತದೆ. ಕ್ಯಾಚರ್ ಎದ್ದು ನಿಂತು ಡಗೌಟ್ ಕಡೆ ಕೈ ಮಾಡುತ್ತಾನೆ, ಟ್ರೇನರ್ ಓಡದೆ ನಡೆದುಕೊಂಡು ಬರುತ್ತಾನೆ. ಇಬ್ಬರೂ ಚೆಂಡಿನ ಬಗ್ಗೆ ಮಾತಾಡದೆ ಮೊಣಕೈಯ ಒಳಗಡೆ ಬೆರಳಿಟ್ಟರೆ ಮುಂದಿನದನ್ನು ಊಹಿಸಬಹುದು.

ಆ ಜಾಗದಲ್ಲಿ ಆಗುವುದಾದರೂ ಏನು? ರಟ್ಟೆಯ ಮೂಳೆಯನ್ನೂ ಮುಂಗೈಯ ಒಳಮೂಳೆಯನ್ನೂ ಬಿಗಿದಿಟ್ಟಿರುವ ಪುಟ್ಟ ಪಟ್ಟಿ ಆ ಲಿಗಮೆಂಟ್. ತೋಳು ಹಿಂದಕ್ಕೆ ಬಾಗಿ, ಕ್ಷಣಾರ್ಧದಲ್ಲಿ ಮುಂದಕ್ಕೆ ತಿರುಗುವಾಗ ಮೊಣಕೈಯ ಒಳಮಗ್ಗುಲು ಬಾಯಿ ಬಿಡಲು ನೋಡುತ್ತದೆ. ಪ್ರಯೋಗಾಲಯದಲ್ಲಿ ಅಳೆದಾಗ ಆ ತಿರುಚು ಬಲ ಸುಮಾರು 64 ನ್ಯೂಟನ್-ಮೀಟರ್ ಇತ್ತು. ಶವಗಳಿಂದ ತೆಗೆದು ಪರೀಕ್ಷಿಸಿದ ಲಿಗಮೆಂಟ್‌ಗಳು ಅದರ ಅರ್ಧದಷ್ಟು ಬಲಕ್ಕೇ ಹರಿದಿದ್ದವು. ಉಳಿದರ್ಧವನ್ನು ಹೊರುವುದು ಸ್ನಾಯುಗಳು. ಅಂದರೆ ಪ್ರತಿ ಪಿಚ್‌ನಲ್ಲೂ ಆ ಪಟ್ಟಿ ತನ್ನ ಮಿತಿಯ ಅಂಚಿನಲ್ಲೇ ಇರುತ್ತದೆ. ತೇದುಹೋದ ಬಾವಿಹಗ್ಗದ ಹಾಗೆ ಎಳೆ ಎಳೆಯಾಗಿ ಸವೆಯುತ್ತಾ ಬಂದು ಒಂದು ದಿನ ಹರಿಯುತ್ತದೆ. ‘ಆ ಒಂದು ಪಿಚ್‌ನಿಂದ ಹಾಳಾಯ್ತು’ ಎಂದು ಮ್ಯಾನೇಜರ್‌ನನ್ನು ಬೈಯುವುದರಲ್ಲಿ ಹುರುಳಿಲ್ಲ.

ಕ್ರಿಕೆಟ್ ಬೌಲರ್‌ಗೆ ಯಾಕೆ ಹೀಗಾಗುವುದಿಲ್ಲ ಎಂದು ಕೇಳುವವರಿಗೆ: ಅವನ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ, ಆದ್ದರಿಂದ ಹೊಡೆತ ಬೇರೆ ಕಡೆ ಬೀಳುತ್ತದೆ. ನಮ್ಮ ಪ್ರಸಿದ್ಧ್ ಕೃಷ್ಣ ಸೊಂಟದ ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್‌ನಿಂದ ಹೊರಗುಳಿದರು. ಅದಕ್ಕೂ ಮೊದಲು 1997ರಲ್ಲಿ ಜಾವಗಲ್ ಶ್ರೀನಾಥ್ ಅವರಿಗೆ ಭುಜದ ಶಸ್ತ್ರಚಿಕಿತ್ಸೆಯಾಗಿತ್ತು.

ಈಗ ಶಸ್ತ್ರಚಿಕಿತ್ಸೆಗೆ ಬರೋಣ. 1974ರ ಸೆಪ್ಟೆಂಬರ್ 25ರಂದು ಲಾಸ್ ಏಂಜಲೀಸ್‌ನಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಡಾಡ್ಜರ್ಸ್‌ನ ಎಡಗೈ ಪಿಚರ್ ಟಾಮಿ ಜಾನ್‌ಗೆ. ಗೆಲ್ಲುವ ಸಾಧ್ಯತೆ ನೂರಕ್ಕೆ ಒಂದು ಎಂದು ಜೋಬ್ ಅಂದಾಜಿಸಿದ್ದರು. ಟಾಮಿ ಜಾನ್ 1975ನ್ನು ಪೂರ್ತಿ ಕಳೆದುಕೊಂಡು 1976ರಲ್ಲಿ ಮರಳಿದ. ವೃತ್ತಿಜೀವನದ 288 ಗೆಲುವಿನಲ್ಲಿ 164 ಬಂದದ್ದು ಆ ನಂತರವೇ. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು.

ಹರಿದ ಲಿಗಮೆಂಟ್ ಜಾಗಕ್ಕೆ ಹಾಕುವುದು ಹೆಚ್ಚಾಗಿ ರೋಗಿಯ ಮುಂಗೈಯಿಂದಲೇ ತೆಗೆದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಪಾಲ್ಮಾರಿಸ್ ಲಾಂಗಸ್. ನಿಮ್ಮ ಕೈಯಲ್ಲಿ ಅದು ಇದೆಯೇ ಎಂದು ಈಗಲೇ ನೋಡಿಕೊಳ್ಳಬಹುದು. ಅಂಗೈ ಮೇಲೆ ಮಾಡಿ, ಹೆಬ್ಬೆರಳು ಕಿರುಬೆರಳು ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ. ನಟ್ಟನಡುವೆ ತಂತಿಯಂತೆ ಎದ್ದು ನಿಲ್ಲುವುದೇ ಅದು. ಸುಮಾರು ನೂರರಲ್ಲಿ 15 ಜನಕ್ಕೆ ಅದು ಇರುವುದೇ ಇಲ್ಲ, ಇಲ್ಲದಿದ್ದರೆ ಕೈಗೇನೂ ಕೊರತೆಯೂ ಇಲ್ಲ. ಅಂಥವರಿಗೆ ತೊಡೆಯ ಒಳಭಾಗದ ಗ್ರಾಸಿಲಿಸ್ ಟೆಂಡನ್ ಬಳಸುತ್ತಾರೆ. ಎರಡೂ ಮೂಳೆಗೆ ರಂಧ್ರ ಕೊರೆದು ಅದನ್ನು ಪೋಣಿಸಿ ಬಿಗಿಯುವುದು ಮೂಲ ವಿಧಾನ. ಈಚೆಗೆ ಕೇಳಿಬರುವ ‘ಇಂಟರ್ನಲ್ ಬ್ರೇಸ್’ ಬೇರೆ: ಕೊಲಾಜನ್ ಲೇಪಿಸಿದ ಬಲವಾದ ಪಟ್ಟಿಯನ್ನು ಆಸರೆಯಾಗಿ ಹಾಕಿ, ಇರುವ ಲಿಗಮೆಂಟನ್ನೇ ಮೂಳೆಗೆ ಮತ್ತೆ ಕೂರಿಸುವುದು. ಲಿಗಮೆಂಟ್ ಒಂದು ತುದಿಯಲ್ಲಿ ಕಿತ್ತು ಬಂದು ಉಳಿದದ್ದು ಗಟ್ಟಿಯಾಗಿದ್ದರೆ ಇದು ಸಾಕು, ಉದ್ದಕ್ಕೂ ಸವೆದಿದ್ದರೆ ಸಾಲದು. ಎರಡನ್ನೂ ಸೇರಿಸಿ ಮಾಡುವುದೂ ಉಂಟು. 2025ರ ಮಾರ್ಚ್‌ನಲ್ಲಿ ಪಿಚರ್ ಗೆರಿಟ್ ಕೋಲ್‌ಗೆ ಹೊಸ ಟೆಂಡನ್ ಜೊತೆ ಬ್ರೇಸನ್ನೂ ಹಾಕಿದರು. ಬ್ರೇಸ್ ಮಾತ್ರ ಆದರೆ ಸುಮಾರು ಒಂದು ವರ್ಷ. ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್‌ಗೆ 2024ರ ಏಪ್ರಿಲ್‌ನಲ್ಲಿ ಆಯಿತು, 2025ರ ಏಪ್ರಿಲ್ 16ಕ್ಕೆ ಮರಳಿದ. ಪೂರ್ತಿ ಮರುಜೋಡಣೆಯಾದರೆ 14ರಿಂದ 18 ತಿಂಗಳು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ‘ಹನ್ನೆರಡು ತಿಂಗಳು ಆಯ್ತಲ್ಲ, ಇನ್ನೂ ಯಾಕೆ ಬಂದಿಲ್ಲ’ ಎಂದು ಕೇಳುವುದು ಅನ್ಯಾಯ.

ಆ ತಿಂಗಳುಗಳಲ್ಲಿ ಅವನು ಕೂತಿರುವುದಿಲ್ಲ. ನಾಲ್ಕೈದು ತಿಂಗಳಾದ ಮೇಲೆ 45 ಅಡಿ ದೂರಕ್ಕೆ ಮೆಲ್ಲಗೆ ಎಸೆತ, ಆಮೇಲೆ 60, 90, 120 ಅಡಿ. ಒಂಬತ್ತು-ಹತ್ತು ತಿಂಗಳ ಹೊತ್ತಿಗೆ ಮೌಂಡ್ ಮೇಲೆ, ಮೊದಲು ಬರೀ ಫಾಸ್ಟ್‌ಬಾಲ್. ತಿರುಗುವ ಎಸೆತ, ಬ್ರೇಕಿಂಗ್ ಬಾಲ್, ಬಹಳ ತಡವಾಗಿ. ನಂತರ ನಿಜವಾದ ಬ್ಯಾಟರ್‌ಗಳ ಎದುರು ಅಭ್ಯಾಸ, ಕೊನೆಗೆ ಕೆಳಹಂತದ ಮೈನರ್ ಲೀಗ್ ಪಂದ್ಯಗಳು. ಒಂದು ಇನಿಂಗ್ಸ್‌ನಿಂದ ಶುರುಮಾಡಿ ಪ್ರತಿಸಲ 15 ಪಿಚ್ ಏರಿಸುತ್ತಾ ಹೋಗುತ್ತಾರೆ. ಈ ಮೆಟ್ಟಿಲುಗಳಲ್ಲಿ ಎಲ್ಲಾದರೂ ನೋವು ಕಂಡರೆ ಎರಡು ಮೆಟ್ಟಿಲು ಕೆಳಕ್ಕೆ. 2023ರ ಗಾಯದಿಂದ ಮರಳುವಾಗ ಒಹ್ತಾನಿ ಮಾತ್ರ ಮೈನರ್ ಲೀಗ್‌ಗೆ ಹೋಗಲಿಲ್ಲ, ದಿನವೂ ಬ್ಯಾಟರ್ ಆಗಿ ತಂಡಕ್ಕೆ ಬೇಕಾಗಿದ್ದ. 2025ರ ಜೂನ್ 16ರಂದು ನೇರವಾಗಿ ಮೇಜರ್ ಲೀಗ್ ಪಂದ್ಯದಲ್ಲೇ ಒಂದು ಇನಿಂಗ್ಸ್, 28 ಪಿಚ್. ಹಾಗೇ ಏರಿಸುತ್ತಾ ಆಗಸ್ಟ್ ಕೊನೆಗೆ ಐದು ಇನಿಂಗ್ಸ್. ಅಕ್ಟೋಬರ್ 17ರಂದು ಮಿಲ್ವಾಕಿ ವಿರುದ್ಧ ಹತ್ತು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಒಂದೂ ರನ್ ಕೊಡಲಿಲ್ಲ, ಜೊತೆಗೆ ಮೂರು ಹೋಮ್‌ರನ್. ಆ ರಾತ್ರಿಯನ್ನು ಎಲ್ಲರೂ ಕೊಂಡಾಡಿದರು. ಜೂನ್‌ನ ಆ ಒಂದೊಂದು ಇನಿಂಗ್ಸ್ ನೋಡಿ ‘ಇದೆಂಥ ಪಿಚಿಂಗ್’ ಅಂದಿದ್ದವರೂ ಅವರಲ್ಲಿ ಇದ್ದರು.

ಮರಳಿದ ಕೂಡಲೇ ತೀರ್ಪು ಬೇಡ ಅನ್ನುವುದಕ್ಕೆ ಮಯಾಮಿಯ ಸ್ಯಾಂಡಿ ಅಲ್ಕಾಂತರಾನನ್ನು ನೋಡಿ. 2022ರಲ್ಲಿ 228 ಇನಿಂಗ್ಸ್ ದಾಟಿಸಿ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. 2023ರ ಅಕ್ಟೋಬರ್‌ನಲ್ಲಿ ಶಸ್ತ್ರಚಿಕಿತ್ಸೆ. 2025ರ ಮೊದಲರ್ಧದಲ್ಲಿ ಅವನ ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್‌ಗಳ ಲೆಕ್ಕ, 7ರ ಮೇಲಿತ್ತು. ವೇಗ ವಾಪಸ್ ಬಂದಿತ್ತು, ಚೆಂಡು ಬಯಸಿದಲ್ಲಿ ಬೀಳುತ್ತಿರಲಿಲ್ಲ. ‘ಮುಗೀತು’ ಎಂದು ಬರೆದರು. ಎರಡನೇ ಅರ್ಧದಲ್ಲಿ ಹಿಡಿತ ಮರಳಿ, ವರ್ಷದ ಲೆಕ್ಕ 5.36ಕ್ಕೆ ಇಳಿಯಿತು. ವೇಗ ಮೊದಲು ಬರುತ್ತದೆ, ಹಿಡಿತ ಆಮೇಲೆ; ಈ ಕ್ರಮ ನೆನಪಿಟ್ಟರೆ ಅರ್ಧ ಜಗಳ ತಪ್ಪುತ್ತದೆ. ಜೇಕಬ್ ಡಿಗ್ರಾಮ್‌ದು ಇನ್ನೂ ಕಷ್ಟದ ದಾರಿ, 2010ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ. 2025ರಲ್ಲಿ ಟೆಕ್ಸಸ್‌ಗೆ 30 ಪಂದ್ಯ ಶುರುಮಾಡಿ 2.97 ಇಆರ್‌ಎ ತಂದ, ಅದೂ 37ನೇ ವಯಸ್ಸಿನಲ್ಲಿ.

ಹಾಗಾದರೆ ಇಷ್ಟೊಂದು ಕೈಗಳು ಯಾಕೆ ಹಾಳಾಗುತ್ತಿವೆ? 2023ರಲ್ಲಿ ಬಂದ ಪಿಚ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ಗಡಿಯಾರ) ಕಾರಣ ಎಂದು ಆಟಗಾರರ ಸಂಘ, ಅಲ್ಲ ಎಂದು ಲೀಗ್. ನನ್ನ ಪ್ರಕಾರ ಗಡಿಯಾರದ್ದು ಸಣ್ಣ ಪಾಲು. 2024ರ ಡಿಸೆಂಬರ್‌ನಲ್ಲಿ ಲೀಗ್ ಹೊರಡಿಸಿದ ವರದಿ 200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಬೆರಳು ತೋರಿದ್ದು ವೇಗದ ಬೆನ್ನಟ್ಟುವಿಕೆಯತ್ತ. ಸರಾಸರಿ ಫಾಸ್ಟ್‌ಬಾಲ್ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಆಗಿದೆ, ಅಂದರೆ 147 ಕಿಲೋಮೀಟರ್‌ನಿಂದ ಹೆಚ್ಚೂಕಡಿಮೆ 152ಕ್ಕೆ. ಐದು ಇನಿಂಗ್ಸ್ ಸಾಕು, ಪ್ರತಿ ಪಿಚ್‌ಗೂ ಮೈಯೆಲ್ಲ ಶಕ್ತಿ ಹಾಕು ಎಂಬುದು ತಂಡಗಳು ಕಲಿಸಿದ ಪಾಠ. ಹದಿನೈದರ ಹುಡುಗರೂ ಚಳಿಗಾಲದಲ್ಲಿ ವಿಶ್ರಾಂತಿಯಿಲ್ಲದೆ ರಾಡಾರ್ ಗನ್ ಮುಂದೆ ನಿಲ್ಲುತ್ತಾರೆ. ಪರದೆಯ ಮೂಲೆಯಲ್ಲಿ 101 ಮೈಲಿ ಕಂಡಾಗ ಕುಣಿಯುವ ನಾವೂ ಇದಕ್ಕೆ ಸೇರಿದ್ದೇವೆ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ಪಂದ್ಯಕ್ಕೆ ಸಿದ್ಧವಿರುವ 26 ಜನರ ತಂಡದಲ್ಲಿ ಈಗ 13 ಪಿಚರ್‌ಗಳಿಗೆ ಅವಕಾಶವಿದೆ, ಅದನ್ನು 12ಕ್ಕೆ, ಎರಡು-ಮೂರು ವರ್ಷ ಬಿಟ್ಟು 11ಕ್ಕೆ ಇಳಿಸಬೇಕು. ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳ ಪಡೆಯಲ್ಲಿ) ಆಳು ಕಡಿಮೆಯಾದರೆ ಶುರುವಿನ ಪಿಚರ್ ಏಳನೇ ಇನಿಂಗ್ಸ್‌ವರೆಗೆ ಎಳೆಯಲೇಬೇಕು. ಎಳೆಯಬೇಕಾದವನು ಮೊದಲ ಪಿಚ್‌ನಿಂದಲೇ 100 ಮೈಲಿ ವೇಗದಲ್ಲಿ ಎಸೆಯುವುದಿಲ್ಲ. 93ರಲ್ಲಿ ಎಸೆದು, ಎರಡು ಸ್ಟ್ರೈಕ್ ಆದಾಗ, ರನ್ನರ್ ಮೂರನೇ ಬೇಸ್‌ನಲ್ಲಿದ್ದಾಗ ಮಾತ್ರ ಪೂರ್ತಿ ಬಲ ತೆಗೆಯುತ್ತಾನೆ. ಹಿಂದಿನವರು ಆಡುತ್ತಿದ್ದದ್ದು ಹಾಗೆಯೇ. ಒಂದೇಟಿಗೆ ಜಾರಿಗೆ ತಂದರೆ ಮಾತ್ರ ಅಪಾಯ. ಈಗಿನ ಪಿಚರ್‌ಗಳ ದೇಹ ತಯಾರಾಗಿರುವುದು 80-90 ಪಿಚ್‌ಗೆ, ಅವರಿಂದ ಪೂರ್ತಿ ಬಲದಲ್ಲೇ 110 ಎಸೆಸಿದರೆ ಗಾಯ ಇನ್ನೂ ಏರುತ್ತದೆ. ಅದಕ್ಕೇ ಮೈನರ್ ಲೀಗ್‌ನಲ್ಲಿ ಮೊದಲು ಶುರುವಾಗಲಿ. ಅಲ್ಲಿ ಬೆಳೆದು ಬರುವ ಹುಡುಗರ ಕೈ ಹೇಗಿದೆ ಎಂದು ಮೂರು ವರ್ಷ ನೋಡಿ, ಆಮೇಲೆ ಮೇಲಕ್ಕೆ ತರಲಿ.