‘ಕಾದು ನೋಡೋಣ’ ಅಂದ್ರೆ ಏನು ಅಂತ ಬಿಡಿಸಿ ಹೇಳಿ, ಡಾಕ್ಟ್ರೇ

ತಂಗಿಯ ಮಗು ಹುಟ್ಟಿ ಹತ್ತು ದಿನವಾಗಿತ್ತು. ಸ್ಕ್ಯಾನಿನಲ್ಲಿ ಕಿಡ್ನಿಯ ಮೇಲ್ಗಡೆ ಒಂದು ಸಣ್ಣ ಗಡ್ಡೆ ಕಂಡಿತು. ‘ನ್ಯೂರೋಬ್ಲಾಸ್ಟೋಮಾ ಅನ್ನೋ ಮಕ್ಕಳ ಕ್ಯಾನ್ಸರ್ ಇರಬಹುದು, ಬರೀ ಹೆಪ್ಪುಗಟ್ಟಿದ ರಕ್ತವೂ ಇರಬಹುದು. ಸದ್ಯ ಏನೂ ಮಾಡೋದು ಬೇಡ, ಕಾದು ನೋಡೋಣ’ ಅಂದರು ಡಾಕ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಕ್ಯಾನ್ಸರ್ ಇರಬಹುದು ಅಂತೀರಿ, ಸುಮ್ನೆ ಕೂತಿರಿ ಅಂತೀರಿ!

ಆಮೇಲೆ ಓದಿಕೊಂಡೆ. ಇದು ವಿಚಿತ್ರ ಕಾಯಿಲೆ. ದೊಡ್ಡ ಮಕ್ಕಳಿಗೆ ಬಂದರೆ ಬಹಳ ಕಾಡುತ್ತದೆ, ಎಳೆಗೂಸಿನಲ್ಲಿ ಎಷ್ಟೋ ಸಲ ತಾನಾಗೇ ಕರಗುತ್ತದೆ. ಲಿವರ್‌ಗೆ, ಚರ್ಮಕ್ಕೆ ಹರಡಿಯೂ ಕರಗುವ ಬಗೆಯೊಂದಿದೆ. 1971ರಲ್ಲೇ ಅದಕ್ಕೆ ‘4ಎಸ್’ ಅಂತ ಹೆಸರಿಟ್ಟರು. ಎಸ್ ಅಂದ್ರೆ ಸ್ಪೆಷಲ್ ಅಂತೆ!

ಜಪಾನಿನ ಕಥೆ ಕೇಳಿ. 1980ರ ದಶಕದಲ್ಲಿ ಅಲ್ಲಿ ಆರು ತಿಂಗಳ ಮಕ್ಕಳ ಮೂತ್ರ ಪರೀಕ್ಷೆ ಮಾಡಿ ಈ ಗಡ್ಡೆಯನ್ನು ಹುಡುಕಲು ಹೊರಟರು. ಬೇಕಾದಷ್ಟು ಸಿಕ್ಕವು. ತಾನಾಗೇ ಹೋಗುತ್ತಿದ್ದ ಗಡ್ಡೆಗೂ ಕತ್ತರಿ, ಕೀಮೋ. 2002ರಲ್ಲಿ ಜರ್ಮನಿ ಮತ್ತು ಕೆನಡಾದ ಅಧ್ಯಯನಗಳು ಇಂಥ ಹುಡುಕಾಟದಿಂದ ಸಾವು ಕಮ್ಮಿಯಾಗಲಿಲ್ಲ ಅಂತ ತೋರಿಸಿದವು. ಜಪಾನ್ ಕೂಡ ನಿಲ್ಲಿಸಿತು. ಅಮೆರಿಕದ 2012ರ ಅಧ್ಯಯನದಲ್ಲಿ ಸಣ್ಣ ಗಡ್ಡೆಯಿದ್ದ 83 ಕೂಸುಗಳನ್ನು, ಗಡ್ಡೆಗೆ ಸೂಜಿ ಚುಚ್ಚಿ ಚೂರು ಕೂಡ ತೆಗೆಯದೆ, ಕಾದು ನೋಡಿದರು. ಆಪರೇಷನ್ ಆಗಿದ್ದು 16ಕ್ಕೆ ಮಾತ್ರ. ಒಂದು ಮಗುವೂ ಸಾಯಲಿಲ್ಲ.

ಹಾಗಂತ ಎಲ್ಲಾ ಗಡ್ಡೆಗೂ ಇದೇ ಮಾತಲ್ಲ. ಬೆನ್ನಿನ ಬುಡದಲ್ಲಿ ಬರುವ ಟೆರಟೋಮಾ ಅನ್ನೋ ಬೇರೆ ಬಗೆಯ ಗಡ್ಡೆಯನ್ನು ಬೇಗ ತೆಗೆಯಲೇಬೇಕು, ಬಿಟ್ಟರೆ ಕೆಟ್ಟದಕ್ಕೆ ತಿರುಗಬಹುದು. 4ಎಸ್‌ನಲ್ಲೂ ಲಿವರ್ ಊದಿ ಉಸಿರಾಟಕ್ಕೆ ಅಡ್ಡ ಬಂದರೆ ಕಾಯುವ ಮಾತೇ ಇಲ್ಲ, ತಕ್ಷಣ ಕೀಮೋ.

ಹಾಗಾಗಿ ಕಾಯಲು ಹೇಳಿದ್ದಕ್ಕೆ ಈಗ ನನ್ನ ತಕರಾರಿಲ್ಲ. ಹೇಳಿದ ರೀತಿಗೆ ಇದೆ. ಮುಂದಿನ ಸ್ಕ್ಯಾನ್ ಯಾವಾಗ? ಎಷ್ಟು ಬೆಳೆದರೆ ಆಪರೇಷನ್? ರಾತ್ರಿ ಏನು ಕಂಡರೆ ಓಡಿಬರಬೇಕು? ಒಂದನ್ನೂ ಬರೆದುಕೊಡಲಿಲ್ಲ. ತಂಗಿ ದಿನಕ್ಕೆ ನಾಲ್ಕು ಸಲ ಮಗುವಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಬಂದವರೆಲ್ಲ ‘ಇನ್ನೂ ತೆಗೆಸಿಲ್ವಾ?’ ಅನ್ನೋರು. ಅವರಿಗೆ ಉತ್ತರ ಕೊಡೋಕೂ ಅವಳ ಹತ್ತಿರ ಏನಿತ್ತು ಹೇಳಿ?

ಕೊನೆಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ರಿಪೋರ್ಟಿನ ಹಿಂಬದಿಯಲ್ಲಿ ತಾರೀಕು, ಅಳತೆ, ಫೋನ್ ನಂಬರ್ ಎಲ್ಲಾ ಬರೆದುಕೊಟ್ಟರು. ಐದು ನಿಮಿಷದ ಕೆಲಸ. ಆವತ್ತು ರಾತ್ರಿ ತಂಗಿ ನಿದ್ದೆ ಮಾಡಿದಳು.